ಹೆಸರು ಹಿಡಿದು ಬರೆದ ಸಾಲು

ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವ ರೂಲು ಯಾರು ಬರೆದರೋ ನನಗೆ ಗೊತ್ತಿಲ್ಲ. ನಮ್ಮ ಸಾಹೇಬರು ಬರೆದದ್ದಂತೂ ಅಲ್ಲ. ಅವರು ಬರೆದಿದ್ದರೆ ಯಾರು ಆಡಬೇಕು, ಯಾರು ಬರೇ ಕೇಳಬೇಕು, ಯಾರು ಬಾಗಿಲ ಆಚೆ ನಿಂದರಬೇಕು ಅನ್ನುವುದೆಲ್ಲ ಅದರಲ್ಲಿ ಸ್ಪಷ್ಟ ಇರುತ್ತಿತ್ತು.

ಅವರಿಗೆ ಕಮಲಾಪುರದಲ್ಲಿ ಮಣ್ಣು ಕೊಟ್ಟು ಬಂದ ಮರುವಾರ ನಮ್ಮ ಕಚೇರಿಯ ಹಳೇ ಮಂದಿ ಜೇವರ್ಗಿ ಕಾಲೋನಿಯ ಒಬ್ಬರ ಮನೆಯಲ್ಲಿ ಸೇರಿ ಶ್ರದ್ಧಾಂಜಲಿ ಮಾಡಿದರು. ಫೋಟೋಕ್ಕೆ ಹಾರ, ಮುಂದೆ ಊದಿನಕಡ್ಡಿ, ಎಲ್ಲರ ಕೈಯಲ್ಲೂ ಚಹಾ. ಒಬ್ಬೊಬ್ಬರೇ ಎದ್ದು "ಶಿಸ್ತಿನ ಮನುಷ್ಯ" ಅಂದರು, "ಕೈ ಶುದ್ಧ" ಅಂದರು. "ಅಂಥವರು ಇನ್ನ ಹುಟ್ಟಂಗಿಲ್ಲ" ಅಂತ ಕುಲಕರ್ಣಿ ಅಂದ. ಅದು ಖರೆ, ಹುಟ್ಟಬಾರದು ಕೂಡ. ಇದೇ ಕುಲಕರ್ಣಿ ಒಂದು ಕಾಲಕ್ಕೆ ಇದೇ ಸಾಹೇಬರ ದೆಸೆಯಿಂದ ಕಚೇರಿಯ ಪಾಯಖಾನೆಯಲ್ಲಿ ಚಿಲಕ ಹಾಕಿಕೊಂಡು ಅತ್ತವನು. ನನ್ನ ಸರತಿ ಬಂದಾಗ ಗಂಟಲು ಸರಿ ಇಲ್ಲ ಅಂದೆ. ಗಂಟಲು ನೆಟ್ಟಗೇ ಇತ್ತು. ಬಾಯಿ ತೆರೆದರೆ ಆ ಮನೆಯವರ ಚಹಾ ಕಹಿ ಮಾಡಿದಂತಾಗುತ್ತದೆ ಅಂತ ಸುಮ್ಮನೆ ಕೂತೆ. ಅಲ್ಲಿ ಆಡದ್ದನ್ನು ಇಲ್ಲಿ ಬರೆಯುತ್ತೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಯಾಕಂತ ಮುಂದೆ ನಿಮಗೇ ತಿಳಿಯುತ್ತದೆ.

ತೊಂಬತ್ತರ ದಶಕದ ಶುರುವಿನ ಮಾತು. ನಮ್ಮ ಊರಿಗೆ ಆಗ ಗುಲ್ಬರ್ಗಾ ಅಂತಲೇ ಅನ್ನುತ್ತಿದ್ದರು. ಒಂದು ದೊಡ್ಡ ಕಾರ್ಖಾನೆಯ ಲೆಕ್ಕಪತ್ರದ ಕಚೇರಿ ಊರೊಳಗಿತ್ತು. ಅದರ ನಡುವಿನ ಹಾಲಿನಲ್ಲಿ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರು. ಗೋಡೆಗೆ ಸಾಲಾಗಿ ಕಬ್ಬಿಣದ ಅಲ್ಮಾರಿ ನಿಲ್ಲಿಸಿದ ಹಾಗೆ ಕಾಣುತ್ತಿತ್ತು. ಅದಕ್ಕೆ ತಂಪು ಬೇಕು ಅಂತ ಹಗಲೂ ರಾತ್ರಿ ಎಸಿ. ಹೊರಗೆ ಮೇ ತಿಂಗಳ ಬಿಸಿಲಿಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿದ್ದರೆ, ನಾವು ಬಾಗಿಲಲ್ಲಿ ಆ ಚಪ್ಪಲಿ ಬಿಟ್ಟು, ಗೂಟಕ್ಕೆ ತೂಗುಹಾಕಿದ ಸ್ವೆಟರ್ ತೊಟ್ಟುಕೊಂಡು ಒಳಗೆ ಹೋಗುತ್ತಿದ್ದೆವು. ಊರಿನ ಮಂದಿ ನಮಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದರು.

ಕೆಲಸಗಾರರ ಹಾಜರಿ, ಪಗಾರ, ಗೋದಾಮಿನ ಮಾಲು, ಎಲ್ಲವೂ ಆ ಮಷೀನಿನ ಫೈಲುಗಳಲ್ಲಿ. ಯಾರು ಯಾವ ಫೈಲು ತೆರೆಯಬಹುದು, ಯಾರು ತಿದ್ದಬಹುದು, ಯಾರು ಬರೇ ನೋಡಬಹುದು ಅಂತ ಕಾವಲು ಕಾಯುವ ಸಾಫ್ಟ್‌ವೇರು ಒಂದು ಬೇರೆ ಇತ್ತು. ಅದು ತಾನಾಗಿ ಏನೂ ನಿರ್ಧರಿಸುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯ ಕೂತು ಒಂದೊಂದು ಫೈಲಿಗೂ ರೂಲು ಬರೆದುಕೊಡಬೇಕು. ಆ ಮನುಷ್ಯ ನಮ್ಮ ಸಾಹೇಬರು. ಮ್ಯಾನೇಜರ್‌ಗೂ ಆ ಅಧಿಕಾರ ಇರಲಿಲ್ಲ.

ತೆಳ್ಳನೆಯ ಆಳು. ಹಣೆಗೆ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಸಫಾರಿ, ಕೊರಳಿಗೆ ಹೆಂಡತಿ ಹೆಣೆದ ಹಸಿರು ಮಫ್ಲರು. ಎರಡೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು, ಆದರೆ ಕೀಲಿಮಣೆ ನೋಡುತ್ತಿರಲಿಲ್ಲ. ಎದುರಿಗೆ ನಿಂತವನ ಮುಖ ನೋಡುತ್ತಾ ಟೈಪು ಮಾಡುತ್ತಿದ್ದರು. ದನಿ ಅಂತೂ ಬೆಣ್ಣೆ. ಅವರು ಯಾರನ್ನಾದರೂ ಗದರಿಸಿದ್ದನ್ನು ನಾನು ಕೇಳಿಯೇ ಇಲ್ಲ.

ನಾನು ಹಂಗಾಮಿ ಆಪರೇಟರ್ ಅಂತ ಸೇರಿದ ದಿನ ಅವರ ಮುಂದೆ ಹೋಗಿ ನಿಂತೆ.

"ಹೆಸರೇನ್ರಿ?"

"ಶರಣಪ್ಪ ರೀ."

"ಎಲ್ಲಿಂದ ಬಂದೀರಿ?"

"ಇಲ್ಲೇ ಊರಾಗಿನ ಗಾಜಿಪುರದಿಂದ ರೀ."

"ಇಲ್ಲ. ನೀವು ಬಂದಿಲ್ಲ." ನಗುತ್ತಲೇ ಅಂದರು. "ಮಷೀನಿನ್ಯಾಗ ನಾ ನಿಮ್ಮ ಹೆಸರು ಬರಿಯೋತನಕ ನೀವು ಇನ್ನಾ ಗಾಜಿಪುರದಾಗೇ ಇದ್ದೀರಿ ಅಂತ ತಿಳೀರಿ. ಹೋಗ್ರಿ, ಹೊರಗ ಬೆಂಚಿನ ಮ್ಯಾಲ ಕೂಡ್ರಿ."

ಸಂಜೆತನಕ ಕೂತೆ. ಮರುದಿನವೂ ಕೂತೆ. ಅವರು ನನ್ನ ಮುಂದೆಯೇ ಹತ್ತಾರು ಸಲ ಓಡಾಡಿದರು, ಒಮ್ಮೆ ಬೆಂಚಿನ ತುದಿಗೆ ಕಾಲಿಟ್ಟು ಚಪ್ಪಲಿಯ ಪಟ್ಟಿ ಕೂಡ ಬಿಗಿದುಕೊಂಡರು. ನನ್ನ ಕಡೆ ಕಣ್ಣು ಹಾಯಿಸಲಿಲ್ಲ. ಆಮೇಲೆ ಯಾವಾಗಲೋ ಕರೆದು, ಎರಡು ಬೆರಳು ಆಡಿಸಿ, "ಈಗ ಬಂದ್ರಿ ನೋಡ್ರಿ" ಅಂದರು.

ಅವರ ವೇದಾಂತ ಸಣ್ಣದು. "ಮಷೀನಿನ ಮೂಲ ಮಾತೇ 'ಇಲ್ಲ' ಅಂತ ಅದ ಶರಣು. ನಾ ಬರದ್ರ ಹೌದು. ಬರೀಲಿಲ್ಲಂದ್ರ ಇಲ್ಲ. ಮತ್ತ ಅದು 'ಯಾಕ ಇಲ್ಲ' ಅಂತ ಯಾರಿಗೂ ಹೇಳಂಗಿಲ್ಲ. ಅದಕ್ಕs ನನಗ ಮನಷ್ಯಾರಕಿಂತ ಅದು ಸೇರ್ತದ. ಕಾರಣ ಕೊಟ್ಟಿ ಅಂದ್ರ ಮಂದಿ ವಾದಕ್ಕ ನಿಂದರ್ತಾರ. ಕಾರಣ ಹೇಳಬಾರದು." ಕ್ಯಾಂಟೀನಿನಲ್ಲಿ ಯಾರಾದರೂ ಅವರ ಪಕ್ಕದ ಕುರ್ಚಿ ಎಳೆದುಕೊಂಡರೆ, ಅಷ್ಟೇ ಮೆತ್ತಗೆ, "ಬರದಿಲ್ಲ" ಅನ್ನುತ್ತಿದ್ದರು. ಅವನು ಎದ್ದು ಹೋಗುತ್ತಿದ್ದ. ಉಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಕುಲಕರ್ಣಿಯ ಕತೆಗೆ ಬರುತ್ತೇನೆ. ಅವನು ಹಾಜರಿ ವಿಭಾಗದವನು, ಬಾಯಿ ಸ್ವಲ್ಪ ಸಡಿಲು. ಒಂದು ದಿನ ಸಾಹೇಬರ ಮಫ್ಲರಿನ ಬಗ್ಗೆ ಏನೋ ಒಂದು ಚಾಷ್ಟಿ ಮಾಡಿದ. ಮರುದಿನ ಹಾಜರಿ ಫೈಲು ತೆರೆದ, ತೆರೆಯಿತು. ಒಬ್ಬ ಕೆಲಸಗಾರನ ಹಾಜರಿ ತಾನೇ ಹಿಂದಿನ ದಿನ ತಪ್ಪು ಹಾಕಿದ್ದು ಕಂಡಿತು. ತಿದ್ದಲಿಕ್ಕೆ ಹೋದ, ಆಗಲಿಲ್ಲ. ಸಾಹೇಬರು ಅವನ ಸಾಲಿನಲ್ಲಿ ತಿದ್ದುವ ಹಕ್ಕು ತೆಗೆದು ನೋಡುವ ಹಕ್ಕು ಮಾತ್ರ ಬಿಟ್ಟಿದ್ದರು. ಪೂರಾ ಮುಚ್ಚಿದ್ದರೆ ಅವನು ಮ್ಯಾನೇಜರ್ ಹತ್ತಿರ ಹೋಗಿ ಕೂಗಾಡುತ್ತಿದ್ದ, ತಪ್ಪು ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ದಿನಾ ಬೆಳಿಗ್ಗೆ ತನ್ನ ತಪ್ಪಿನ ಮುಖ ನೋಡಬೇಕು, ಕೈ ಹಚ್ಚುವಂತಿಲ್ಲ. ಪಗಾರ ಕಡಿಮೆ ಬಂದ ಆ ಕೆಲಸಗಾರ ಮಂದಿ ಕಟ್ಟಿಕೊಂಡು ಬಂದು ಕುಲಕರ್ಣಿಯ ಕೊರಳಪಟ್ಟಿ ಹಿಡಿದ. ಪಾಯಖಾನೆಯಲ್ಲಿ ಅತ್ತದ್ದು ಆವತ್ತು.

"ನೋಡಬಹುದು, ಮುಟ್ಟಂಗಿಲ್ಲ," ಅಂದರು ಸಾಹೇಬರು ನನಗೆ. "ಪೂರಾ 'ಇಲ್ಲ' ಅನ್ನೋದು ಒಡ್ಡರ ಕೆಲಸ ಆತು. ಇದರಾಗ ಕಸಬು ಅದ."

ಅನ್ಯಾಯ ಆಗಬಾರದು, ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅವರು ಯಾರಿಂದಲೂ ಏನೂ ತಿನ್ನಲಿಲ್ಲ. ಮುಂಬೈಯ ಹೆಡ್ ಆಫೀಸಿನ ದೊಡ್ಡವರ ಅಳಿಯ ಬಂದು ಗೋದಾಮಿನ ಫೈಲು ಒಮ್ಮೆ ತೋರಿಸಿರಿ ಅಂದಾಗಲೂ ಅದೇ ಮೆತ್ತಗಿನ ದನಿಯಲ್ಲಿ "ಬರದಿಲ್ಲ" ಅಂದರು. ಆ ಅಳಿಯ ಕೆಂಪಗಾಗಿ ಹೋದ. ಆವತ್ತು ನಮಗೆಲ್ಲ ಎದೆ ಉಬ್ಬಿತ್ತು. ಲಂಚ ತಿನ್ನುವವನಾಗಿದ್ದರೆ ಎಷ್ಟು ಛಲೋ ಇತ್ತು ಅಂತ ಆಮೇಲೆ ಅನಿಸಿದ್ದುಂಟು. ಏನಾದರೂ ಕೊಟ್ಟು ಪಾರಾಗಬಹುದಿತ್ತು.

ಅವರು ತಿನ್ನುತ್ತಿರಲಿಲ್ಲ, ತಿನ್ನಿಸುತ್ತಿದ್ದರು. ಪ್ರತಿ ಶನಿವಾರ ಸಂಜೆ ತಮ್ಮೂರು ಕಮಲಾಪುರಕ್ಕೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬರುವಾಗ ಚೀಲದಲ್ಲಿ ತಮ್ಮ ತೋಟದ ಕೆಂಪು ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆಯ ರುಚಿ ತಿಂದವರಿಗೇ ಗೊತ್ತು, ನಾನು ವರ್ಣಿಸಲಿಕ್ಕೆ ಹೋಗುವುದಿಲ್ಲ. ಚಹಾದ ಹೊತ್ತಿಗೆ ಒಬ್ಬೊಬ್ಬರ ಮೇಜಿಗೂ ಹೋಗಿ ಸ್ವಂತ ಕೈಯಿಂದ ಒಂದು ಹಣ್ಣು ಇಡುವರು. ಪ್ರತಿ ವಾರ ಯಾರಾದರೂ ಒಬ್ಬರ ಮೇಜು ದಾಟಿ ಹೋಗುವರು. ಹಣ್ಣು ಸಾಲದೆ ಅಲ್ಲ. ಚೀಲದಲ್ಲಿ ಉಳಿದದ್ದು ಎಲ್ಲರಿಗೂ ಕಾಣುತ್ತಿತ್ತು. ಹಣ್ಣು ಸಿಗದವನು ಆ ವಾರ ಎಚ್ಚರ ಇರಬೇಕು ಅಂತ ಅರ್ಥ. ದೊಡ್ಡ ದೊಡ್ಡ ಗಂಡಸರು, ಮಕ್ಕಳ ಮದುವೆ ಮಾಡಿದವರು, ಸೋಮವಾರ ಬಂತೆಂದರೆ ಒಂದು ಬಾಳೆಹಣ್ಣಿಗೆ ಎದೆ ಹಿಡಿದುಕೊಂಡು ಕೂಡುತ್ತಿದ್ದರು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಸೋಮವಾರ ಕಾಶಿನಾಥನ ಮೇಜು ದಾಟಿದರು. ಕಾಶಿನಾಥ ಮಷೀನಿಗೆ ಟೇಪು ಏರಿಸಿ ಇಳಿಸುವವನು, ನಿವೃತ್ತಿಗೆ ಬಂದ ಜೀವ. ಅವನ ತಪ್ಪೇನೋ ನಮಗ್ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಮುದುಕ ತಲೆ ತಗ್ಗಿಸಿ ಖಾಲಿ ಮೇಜು ಒರೆಸುತ್ತಾ ಕೂತ. ನನ್ನ ಪಕ್ಕದ ಕುರ್ಚಿಯ ಶಹನಾಜ್ ಎದ್ದಳು. ಅವಳೂ ನನ್ನ ಹಾಗೆ ಹಂಗಾಮಿ ಆಪರೇಟರ್, ಮೋಮಿನಪುರದವಳು. ತನ್ನ ಹಣ್ಣು ಸುಲಿದಳು, ನಡುವಿಗೆ ಮುರಿದಳು, ಅರ್ಧ ಒಯ್ದು ಕಾಶಿನಾಥನ ಕೈಗೆ ಕೊಟ್ಟಳು.

"ತಗೋರಿ ಚಾಚಾ. ಇಷ್ಟ ದೊಡ್ಡ ಹಣ್ಣು ನನಗೊಬ್ಬಾಕಿಗೆ ಹೋಗಂಗಿಲ್ಲ."

ಕಾಶಿನಾಥ ತಿನ್ನಲಾ ಬಿಡಲಾ ಅಂತ ಸಾಹೇಬರ ಕಡೆ ನೋಡಿದ. ಸಾಹೇಬರು ನಕ್ಕರು. "ತಿನ್ರಿ ತಿನ್ರಿ ಕಾಶಿನಾಥ. ಕೊಟ್ಟಾಳಲ್ಲ ಹುಡುಗಿ," ಅಂದರು. ಆಮೇಲೆ ತಮ್ಮ ಕುರ್ಚಿಗೆ ಹೋಗಿ, ಅವಳ ಮುಖ ನೋಡುತ್ತಾ, ಎರಡು ಬೆರಳಿನಲ್ಲಿ ಏನೋ ಟೈಪು ಮಾಡಿದರು. ತಾವು ಕೊಡದವನಿಗೆ ಇನ್ನೊಬ್ಬರು ಕೊಡುವುದು ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ ಅಂತ ನನಗೆ ತಿಳಿದದ್ದು ಬಹಳ ತಡವಾಗಿ.

ಶಹನಾಜ್‌ಳ ಮನೆ ಪರಿಸ್ಥಿತಿ ನಮಗೆಲ್ಲ ಗೊತ್ತಿತ್ತು. ಅವಳ ಅಬ್ಬಾ ಲಕ್ವಾ ಹೊಡೆದು ಮೂಲೆ ಹಿಡಿದಿದ್ದರು. ತಂಗಿ ರುಬೀನಾಳನ್ನು ಇವಳೇ ನರ್ಸಿಂಗ್ ಓದಲಿಕ್ಕೆ ಹಾಕಿದ್ದಳು. ನೌಕರಿ ಕಾಯಂ ಆದರೆ ರುಬೀನಾಳ ಓದು ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. "ನಾ ಕಾಯಂ ಆದ್ನೆಂದ್ರ ಅಕಿ ನರ್ಸ್ ಆದಂಗs, ಶರಣು ಭಾಯಿ" ಅಂತ ದಿನಾ ಒಮ್ಮೆಯಾದರೂ ಅನ್ನುವಳು. ಬೆರಳು ಕೀಲಿಮಣೆಯ ಮೇಲೆ ಮಳೆ ಬಿದ್ದಂತೆ ಓಡುತ್ತಿದ್ದವು. ಅವಳು ಕಾಯಂ ಆಗುವುದರಲ್ಲಿ ನಮಗ್ಯಾರಿಗೂ ಸಂಶಯ ಇರಲಿಲ್ಲ.

ಕಾಯಂ ಮಾಡುವ ಪರೀಕ್ಷೆಗೆ ಮುಂಬೈಯಿಂದ ಒಬ್ಬ ಅಧಿಕಾರಿ ಬಂದರು. ಪರೀಕ್ಷೆ ಅಂದರೆ ಏನೂ ಇಲ್ಲ. ಅಭ್ಯಾಸದ ಒಂದು ಫೈಲು ತೆರೆಯಬೇಕು, ಅವರು ಹೇಳಿದ ದಾಖಲೆ ಹುಡುಕಿ ತಿದ್ದಿ ಉಳಿಸಬೇಕು. ಹಂಗಾಮಿ ಮಂದಿಯೆಲ್ಲ ಟರ್ಮಿನಲ್ ಮುಂದೆ ಕೂತೆವು. ಅಧಿಕಾರಿ ಸಾಹೇಬರನ್ನು ಹಿಂದಿಯಲ್ಲಿ ಕೇಳಿದರು, ಫೈಲು ಎಲ್ಲರಿಗೂ ತೆರೆದಿದೆಯೇ ಅಂತ. ಸಾಹೇಬರು ಅವರ ಕಣ್ಣ ಮುಂದೆಯೇ ರೂಲು ತೆಗೆದು, ಪರೀಕ್ಷೆಗೆ ಕೂತವರೆಲ್ಲರೂ ಈ ಫೈಲು ತೆರೆದು ತಿದ್ದಬಹುದು ಅಂತ ಒಂದು ಸಾಲು ಬರೆದರು. ಪರದೆ ತಿರುಗಿಸಿ ತೋರಿಸಿದರು. "ದೇಖಿಯೇ ಸಾಬ್, ಸಬ್ ಕೇ ಲಿಯೇ." ಅಧಿಕಾರಿ ತಲೆ ಆಡಿಸಿದರು.

ನನ್ನ ಫೈಲು ತೆರೆಯಿತು. ಆಚೆಯವನದೂ ತೆರೆಯಿತು. ಶಹನಾಜ್ ಟೈಪು ಮಾಡಿದಳು, ಪರದೆಯ ಮೇಲೆ ಪರವಾನಗಿ ಇಲ್ಲ ಅಂತ ಬಂತು. ಮತ್ತೆ ಮಾಡಿದಳು, ಮತ್ತೆ ಅದೇ. ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು. ಕೈ ಎತ್ತಿದಳು.

"ಸರ್, ನಂದು ತೆರೀವಲ್ದು."

ಸಾಹೇಬರು ಎದ್ದು ಬಂದರು. ನನ್ನ ಪರದೆ ನೋಡಿದರು, ಆಚೆಯವನದು ನೋಡಿದರು. "ಎಲ್ಲಾರದೂ ಛಂದಾಗಿ ತೆರದಾವಲ್ಲವ್ವಾ," ಅಂದರು. ಅಧಿಕಾರಿಯ ಕಡೆ ತಿರುಗಿ, "ಘಬರಾ ಗಯೀ ಬೇಚಾರಿ" ಅಂದರು, ಪಾಪ ಹೆದರಿದ್ದಾಳೆ ಅಂತ. ಆಮೇಲೆ ತಾವೇ ಹೋಗಿ ಒಂದು ಗ್ಲಾಸು ನೀರು ತಂದು ಅವಳ ಮುಂದೆ ಇಟ್ಟರು. "ನೀರು ಕುಡಿ ಬೇಟಾ. ಅವಸರ ಮಾಡಬ್ಯಾಡ. ಸಾವಕಾಶ ಹೊಡಿ."

ಅವಳು ಸಾವಕಾಶ ಹೊಡೆದಳು, ಒಂದೊಂದೇ ಅಕ್ಷರ. ಪರವಾನಗಿ ಇಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು. "ಸರ್, ನನ್ನ ಕೈಯಾಗ ತಪ್ಪಿಲ್ಲ, ಮಷೀನ್ ಬಿಡವಲ್ದು, ನೋಡ್ರಿ ಸರ್, ನೋಡ್ರಿ" ಅಂತ ಅವಳು ಅನ್ನುತ್ತಲೇ ಇದ್ದಳು. ಎಲ್ಲರಿಗೂ ಬಿಟ್ಟ ಮಷೀನು ಒಬ್ಬಳಿಗೆ ಮಾತ್ರ ಬಿಡುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಅಧಿಕಾರಿ ಅವಳ ಹೆಸರಿನ ಮುಂದೆ ಗೀಟು ಎಳೆದರು.

ಅವಳ ಕೊನೇ ದಿನ ಸೋಮವಾರವೇ ಬಂದಿತ್ತು. ಸಾಹೇಬರು ಚೀಲದಿಂದ ಎಲ್ಲಕ್ಕಿಂತ ದೊಡ್ಡ ಹಣ್ಣು ಹುಡುಕಿ ಮೊದಲು ಅವಳ ಮೇಜಿಗೇ ಇಟ್ಟರು. ಅವಳು ಅದನ್ನು ಮುಟ್ಟಲಿಲ್ಲ. ಸ್ವೆಟರ್ ಬಿಚ್ಚಿ ಗೂಟಕ್ಕೆ ಹಾಕಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದು ಹೋದಳು. ರುಬೀನಾ ಆ ವರ್ಷವೇ ಓದು ಬಿಟ್ಟಳು ಅಂತ ಆಮೇಲೆ ಗೊತ್ತಾಯಿತು.

ನಾನು ಕಾಯಂ ಆದೆ. ಮುಂದೆ ಸಾಹೇಬರಿಗೆ ಸಹಾಯಕ ಅಂತಲೂ ಆದೆ. ಆಗ ಮೊದಲ ಸಲ ರೂಲುಗಳನ್ನು ನೋಡುವ ಹಕ್ಕು ಸಿಕ್ಕಿತು, ಮುಟ್ಟುವುದಲ್ಲ. ಒಂದು ದಿನ ಆ ಅಭ್ಯಾಸದ ಫೈಲಿನ ರೂಲು ಕಣ್ಣಿಗೆ ಬಿತ್ತು. ಎಲ್ಲರಿಗೂ ಉಂಟು ಅನ್ನುವ ಸಾಲು ಕೆಳಗೆ ಇತ್ತು, ಅದರ ಮೇಲೆ ಇನ್ನೊಂದು ಸಾಲು. ಶಹನಾಜ್‌ಳ ಹೆಸರು ಹಿಡಿದು, ಇವಳಿಗೆ ಇಲ್ಲ ಅಂತ. ಅಧಿಕಾರಿಗೆ ಪರದೆ ತೋರಿಸುವಾಗ ಮೇಲಿನ ಸಾಲು ಕಾಣದ ಹಾಗೆ ಸರಿಸಿದ್ದರು, ಅಷ್ಟೇ.

"ಸಾಹೇಬ್ರ, ಇದೇನ್ರಿ ಇದು?"

ಅವರಿಗೆ ಒಂದಿಷ್ಟೂ ಗಾಬರಿ ಇಲ್ಲ. ಶಾಣ್ಯಾ ಶಿಷ್ಯ ಒಳ್ಳೇ ಪ್ರಶ್ನೆ ಕೇಳಿದ ಅನ್ನುವ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

"ಛಲೋ ಕಂಡಿ ನೋಡು. ಇದನ್ನ ಪುಸ್ತಕದಾಗೂ ಓದಿರ್ತೀ, ಆದ್ರ ತಲ್ಯಾಗ ಕೂತಿಲ್ಲ. ಎಲ್ಲಾರಿಗೂ ಹೌದು ಅಂತ ಒಂದು ಸಾಲು ಬರದಿರಲಿ, ಒಬ್ಬರ ಹೆಸರು ಹಿಡದು ಇಲ್ಲ ಅಂತ ಒಂದು ಸಾಲು ಬರದಿರಲಿ. ಮಷೀನು ಯಾವುದನ್ನ ಕೇಳ್ತದ? ಹೆಸರು ಹಿಡದದ್ದನ್ನ. ಎಲ್ಲಾರಿಗೂ ಅನ್ನೋದು ಎಷ್ಟ ದೊಡ್ಡ ಮಾತಿದ್ರೂ ಹೆಸರಿನ ಮುಂದ ನಡ್ಯಂಗಿಲ್ಲ."

"ಅಕಿ ತಂಗಿ ಓದು ನಿಂತದ ರೀ."

"ಅದು ನನ್ನ ರೂಲಿನ್ಯಾಗ ಬರಂಗಿಲ್ಲ."

"ಅಕಿ ನೌಕರಿ ಬಿಟ್ಟs ಹೋದಳಲ್ರಿ. ಈಗರ ಆ ಸಾಲು ತೆಗೀರಿ."

"ಇರ್ಲಿ ಬಿಡೋ. ಅದೇನು ಕೂಳು ಕೇಳ್ತದ?"

ನಾನು ಸುಮ್ಮನಾಗಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೈಮುಗಿದು, "ಮುಂಬೈದವರು ಸಹಿ ಮಾಡಿ ಹೋಗ್ಯಾರ, ಈಗ ಅದನ್ನ ಕೆದರಬ್ಯಾಡ್ರಿ ಮಾರಾಯರ" ಅಂದರು. ಮರುದಿನ ಬೆಳಿಗ್ಗೆ ನನಗೆ ಒಂದು ಫೈಲೂ ತೆರೆಯಲಿಲ್ಲ. ಹಾಜರಿ ಹಾಕಿ ಖಾಲಿ ಪರದೆ ನೋಡುತ್ತಾ ಕೂತೆ, ಸಂಜೆ ಮನೆಗೆ ಹೋದೆ. ಎಷ್ಟೋ ವಾರ ಇದೇ ನಡೆಯಿತು. ಸೋಮವಾರ ನನ್ನ ಮೇಜು ದಾಟಿ ಹೋಗುವಾಗ ಅವರು ಹಾಡು ಗುನುಗುತ್ತಿದ್ದರು.

ಮುಂದೆ ಅವರು ನಿವೃತ್ತರಾದರು. ಶಾಲು, ಹಾರ, ಫಲತಾಂಬೂಲ, ಸುಳ್ಳು ಭಾಷಣ, ಎಲ್ಲ ಆಯಿತು. ಕೆಲವು ವರ್ಷಕ್ಕೆ ಮೇನ್‌ಫ್ರೇಮೂ ಹೋಯಿತು, ಮೇಜಿಗೊಂದು ಸಣ್ಣ ಕಂಪ್ಯೂಟರು ಬಂತು. ಗುಜರಿ ಸಾಮಾನಿನವರು ಬಂದು ಆ ಅಲ್ಮಾರಿಗಳನ್ನು ಕಳಚಿ ಲಾರಿಗೆ ಹೇರಿದರು. ಆ ಒಂದು ಸಾಲು ಕೊನೆತನಕ ಅದರೊಳಗೇ ಇತ್ತು.

ಕಮಲಾಪುರದಿಂದ ಅವರ ಸೊಸೆ ಫೋನು ಮಾಡಿದ್ದು ಇತ್ತೀಚೆಗೆ. "ಮಾವಾರು ನಿಮ್ಮನ್ನ ನೋಡಬೇಕಂತಾರ್ರಿ. ಬಾಳ ದಿನ ಇಲ್ಲಂತ ಡಾಕ್ಟರ್ ಅಂದಾರ." ಹೋದೆ. ಸಕ್ಕರೆ ರೋಗಕ್ಕೆ ಒಂದು ಕಾಲು ತೆಗೆದಿದ್ದರು. ಪಡಸಾಲೆಯ ಮಂಚದ ಮೇಲೆ ಗೋಡೆಗೆ ದಿಂಬು ಆನಿಸಿ ಕೂಡಿಸಿದ್ದರು. ಮಫ್ಲರು ಇತ್ತು, ವಿಭೂತಿ ಇತ್ತು, ನಡುವಿನ ಮನುಷ್ಯ ಮಾತ್ರ ಅರ್ಧ ಆಗಿದ್ದ. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಎದುರಿನ ತೊಲೆಗೆ ಒಂದು ಕೆಂಪು ಬಾಳೆಯ ಗೊನೆ ತೂಗುಬಿಟ್ಟಿತ್ತು. ಹಣ್ಣಾಗಿ ಮನೆತುಂಬ ವಾಸನೆ.

"ಅಲ್ಲೇ ಯಾಕ ಕಟ್ಟೀರವ್ವಾ, ಅವರ ಕಣ್ಣ ಮುಂದ?" ಅಂತ ಸೊಸೆಯನ್ನು ಕೇಳಿದೆ.

"ನೋಡ್ಲಿ ಅಂತರಿ," ಅಂದಳು. ಸೊಂಟದಲ್ಲಿ ಕೀಲಿಗೊಂಚಲು. "ನಾ ಈ ಮನಿಗೆ ಬಂದಾಗ ಅಡಗಿಮನಿ ಡಬ್ಬಿಗೋಳಿಗೆ ಸುದ್ದಾ ಕೀಲಿ ಇತ್ರಿ. ಕೀಲಿ ಇವರ ಹಂತ್ಯಾಕ. ಬೆಲ್ಲ ಬೇಕಂದ್ರ ಬಂದು ಕೇಳಬೇಕಿತ್ತು. ಈಗ ಕೀಲಿ ನನ್ನ ಹಂತ್ಯಾಕ ಅದ. ನಾನೇನು ಪೂರಾ ಇಲ್ಲ ಅಂದಿಲ್ರಿ. ನೋಡಬಹುದು, ಮುಟ್ಟಂಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಸಾಹೇಬರು ನಗಲಿಲ್ಲ. ಸೊಸೆ ಒಳಗೆ ಹೋದ ಮೇಲೆ ನನ್ನ ಕೈ ಹಿಡಿದರು. ಅವರು ಯಾರ ಕೈಯನ್ನಾದರೂ ಹಿಡಿದದ್ದು ನಾನು ನೋಡಿರಲಿಲ್ಲ.

"ಶರಣು, ಆ ಹುಡುಗಿ ಎಲ್ಲಿದ್ದಾಳೋ? ಮೋಮಿನಪುರದಾಕಿ."

"ಅಲ್ಲೇ ಇದ್ದಾಳ ರೀ."

"ಒಮ್ಮೆ ಬಾ ಅನ್ನೋ ಅಕಿಗೆ. ನಾ ಮಾಫಿ ಕೇಳ್ತೀನಿ. ಕಣ್ಣು ಮುಚ್ಚಿದ್ರ ಅಕಿ ಕಾಣ್ತಾಳ. ನೀರಿನ ಗ್ಲಾಸು ಮುಂದ ಇಟ್ಕೊಂಡು ಕೂತಾಳ, ಕುಡೀವಲ್ಲಳು." ಹಿಡಿದ ಕೈ ಬಿಡಲಿಲ್ಲ. "ಬರಲಿಕ್ಕಾಗಲಿಲ್ಲಂದ್ರ ಮಾಫ್ ಮಾಡೀನಿ ಅಂತ ಒಂದು ಮಾತು ಹೇಳಿ ಕಳಸು ಅನ್ನು. ಅಷ್ಟs ಸಾಕು. ಹಂಗs ಹೋಗಬಾರದೋ ಶರಣು, ಹಂಗs ಹೋಗಬಾರದು."

ಮನುಷ್ಯ ಖರೇನೇ ಹೆದರಿದ್ದ. ನಾನು ಹೋಗಿ ಕೇಳುತ್ತೇನೆ ಅಂದೆ.

ಮೋಮಿನಪುರದ ಗಲ್ಲಿಯೊಂದರಲ್ಲಿ ಶಹನಾಜ್‌ಳದು ಒಂದು ಝೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಅರ್ಜಿ ಟೈಪು ಮಾಡಿ ಕೊಡುತ್ತಾಳೆ. ಕೂದಲು ಬೆಳ್ಳಗಾಗಿದೆ, ಬೆರಳು ಅದೇ ಓಟ. ಅಂಗಡಿಯ ಹಿಂದಿನ ಭಾಗದಲ್ಲಿ ರುಬೀನಾ ಕೂತು ಸೀರೆಗೆ ಫಾಲು ಹಚ್ಚುತ್ತಿದ್ದಳು. ಮಷೀನಿನೊಳಗಿನ ಆ ಸಾಲಿನ ಸಂಗತಿ ಅವಳಿಗೆ ನಾನು ಹಿಂದೆಯೇ ಹೇಳಿದ್ದೆ. ಈಗ ಕಮಲಾಪುರದ ಸುದ್ದಿ ಎಲ್ಲ ಹೇಳಿದೆ. ಕಾಲು ತೆಗೆದದ್ದು, ಕೈ ಹಿಡಿದದ್ದು, ನೀರಿನ ಗ್ಲಾಸು, ಏನೂ ಬಿಡಲಿಲ್ಲ. ಟೈಪು ನಿಲ್ಲಿಸದೆ ಕೇಳಿಸಿಕೊಂಡಳು.

"ನಕ್ಕೋ," ಅಂದಳು. ಬೇಡ ಅಂತ.

"ಸಾಯಾಕ ಬಿದ್ದಾರ, ಬೆಹನ್. ಬರಬ್ಯಾಡ. ಮಾಫ್ ಅಂತ ಒಂದು ಮಾತು ಕೊಡು, ನಾ ಒಯ್ದು ಮುಟ್ಟಸ್ತೀನಿ."

ಆಗ ಕೈ ನಿಲ್ಲಿಸಿದಳು. "ಶಬ್-ಎ-ಬರಾತ್ ದಿನ ನಾವು ಎಲ್ಲಾರೂ ಒಬ್ಬರಿಗೊಬ್ಬರು ಮಾಫ್ ಮಾಡ್ತೀವಿ, ಶರಣು ಭಾಯಿ. ನಾನೂ ಪ್ರತಿ ವರ್ಷ ದುವಾ ಮಾಡ್ತೀನಿ. ನನಗ ತಕ್ಲೀಫ್ ಕೊಟ್ಟವರನ್ನ ಎಲ್ಲಾರ್ನೂ ಮಾಫ್ ಮಾಡೀನಿ ಅಂತ. ಮುಂಬೈಯಿಂದ ಬಂದಿದ್ರಲ್ಲ, ಅವರನ್ನೂ. ಸಬ್ ಕೋ. ಆಮ್ಯಾಲ ನಿಮ್ಮ ಸಾಹೇಬ್ರ ಹೆಸರು ಹಿಡದು ಅಂತೀನಿ, ಇವರನ್ನ ಮಾಡಿಲ್ಲ ಅಂತ."

"ಹೆಸರು ಹಿಡದೇ?"

"ಪೂರಾ ಹೆಸರು. ಅವರಪ್ಪನ ಹೆಸರು, ಊರು ಸುದ್ದಾ ಹೇಳ್ತೀನಿ. ಅಲ್ಲಾನಿಗೆ ಬ್ಯಾರೆ ಯಾರರ ಅಂತ ಗೈರಸಮಜು ಆಗಬಾರದಲ್ಲ." ಹಿಂದೆ ರುಬೀನಾಳ ಸೂಜಿ ನಿಂತಿತು, ಮತ್ತೆ ನಡೆಯಿತು. "ಹೋಗಿ ಇದನ್ನs ಹೇಳ್ರಿ. ಚಹಾ ಕುಡೀತೀರೇನು?"

ಅವರ ಹೆಸರು ಬರೆಯುವುದಿಲ್ಲ ಅಂದೆನಲ್ಲ, ಇದಕ್ಕೇ. ಅದು ಒಂದು ಕಡೆ ಆಗಲೇ ಬರೆದಾಗಿದೆ. ಎರಡನೇ ಸಲ ಯಾಕೆ?

ಮರುದಿನವೇ ಕಮಲಾಪುರಕ್ಕೆ ಹೋದೆ. ಸಾಹೇಬರು ದಾರಿ ಕಾಯುತ್ತಿದ್ದರು. ನನ್ನ ಹಿಂದೆ ಯಾರಾದರೂ ಬಂದಾರೇನೋ ಅಂತ ಬಾಗಿಲ ಕಡೆ ಕತ್ತು ಚಾಚಿದರು. ಯಾರೂ ಇರಲಿಲ್ಲ.

"ಏನಂದ್ಲು?"

ಸುಳ್ಳು ಹೇಳಬಹುದಿತ್ತು. ಸಾಯುವವನಿಗೆ ಒಂದು ಸುಳ್ಳು, ಯಾರಿಗೇನು ನಷ್ಟ? ಬರುವಾಗ ಬಸ್ಸಿನಲ್ಲಿ ಹೇಳಬೇಕೆಂದೇ ಅಂದುಕೊಂಡಿದ್ದೆ. ಆದರೆ ಆ ಪಡಸಾಲೆಯಲ್ಲಿ ನಿಂತಾಗ ನಾಲಿಗೆ ಹೊರಳಲಿಲ್ಲ. ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಎಲ್ಲರನ್ನೂ ಮಾಫ್ ಮಾಡಿದ್ದಾಳೆ ಅನ್ನುವಲ್ಲಿಗೆ ಅವರ ಮುಖ ಅರಳಿತು. ಪಾಪ, ಅರಳಿಯೇ ಅರಳಿತು. ಆಮೇಲಿನದು ಹೇಳಿದೆ.

"ಹೆಸರು ಹಿಡದs ಅಂದ್ಲೇನು?"

"ಹಿಡದs ಅಂದ್ಲು ರೀ."

ಬಲಗೈಯ ಎರಡು ಬೆರಳು ಚಾದರದ ಮೇಲೆ ಸಣ್ಣಗೆ ಆಡಿದವು. ಎಲ್ಲರಿಗೂ ಉಂಟು ಅನ್ನುವ ಸಾಲು ಒಂದು, ಹೆಸರಿನ ಸಾಲು ಒಂದು. ಯಾವುದು ನಡೆಯುತ್ತದೆ ಅಂತ ಆ ಮನುಷ್ಯನಿಗೆ ನಾನು ತಿಳಿಸಿ ಹೇಳಬೇಕಾಗಿರಲಿಲ್ಲ.

"ಹಂಗಾದ್ರ ಮುಗೀತು," ಅಂದರು.

ಸೊಸೆ ಬಂದು ಗೊನೆಯಿಂದ ಒಂದು ಹಣ್ಣು ಕಿತ್ತು, "ತಗೋರಿ ಅಣ್ಣಾರ, ಬಿಸಲಾಗ ಬಂದೀರಿ" ಅಂತ ನನ್ನ ಕೈಗೆ ಕೊಟ್ಟು, ಚಹಾ ಇಡಲಿಕ್ಕೆ ಒಳಗೆ ಹೋದಳು. ನಾನು ಸುಲಿದೆ. ಸಾಹೇಬರು ನನ್ನ ಕೈಯನ್ನೇ ನೋಡುತ್ತಿದ್ದರು. ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಪಿಸುದನಿಯಲ್ಲಿ ಕೇಳಿದರು.

"ಶರಣು. ಅರ್ಧ ಕೊಡೋ."

ಯಾರೂ ನೋಡುತ್ತಿರಲಿಲ್ಲ. ಡಾಕ್ಟರು ಹೇಗೂ ಕೈ ಬಿಟ್ಟಿದ್ದರು, ಅರ್ಧ ಹಣ್ಣಿನಿಂದ ಕೆಡುವಂಥದ್ದು ಏನೂ ಉಳಿದಿರಲಿಲ್ಲ. ನಾನು ಅವರ ಮುಖ ನೋಡುತ್ತಾ ಆ ಹಣ್ಣನ್ನು ಪೂರಾ ತಿಂದೆ. ಕಾರಣ ಹೇಳಲಿಲ್ಲ. ಅವರೂ ಕೇಳಲಿಲ್ಲ.